ಅಟ್ಟದ ಮೇಲಿನ ಕಾಯಿ

ಈ ಶುಕ್ರವಾರದ ಸರದಿ ತನ್ನದು ಎನ್ನುವುದು ಗಿರಿಜಾಂಬಿಕೆಯ ತಲೆಯಿಂದ ಇಳಿಯಲೊಲ್ಲದು. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಅಷ್ಟರಲ್ಲಿ ಅಟ್ಟದ ಮೇಲೆ ಇಲಿ ಓಡಿ ತೆಂಗಿನಕಾಯಿಗಳು ದಡದಡ ಉರುಳಿದವು. ಅವಳು ತಟ್ಟನೆ ಕತ್ತೆತ್ತಿದಳು.

ಅವಳು ಮೈಸೂರಿನಲ್ಲಿ ಓದಿ ಬೆಳೆದವಳು. ಎಪ್ಪತ್ತೆಂಟನೇ ಇಸವಿಯಲ್ಲಿ ಗಂಡ ಬಸವರಾಜುವಿಗೆ ತಿಪಟೂರಿನ ಕರೆಂಟ್ ಆಫೀಸಿಗೆ ವರ್ಗವಾಯಿತು. ಕೂಸನ್ನು ಎತ್ತಿಕೊಂಡು ಈ ಬಾಡಿಗೆ ಮನೆಗೆ ಬಂದಳು. ಕೆಳಗಿನ ಮನೆಯಷ್ಟೇ ಇವರಿಗೆ. ಅಟ್ಟವನ್ನು ಮನೆ ಮಾಲೀಕ, ಹೊನ್ನವಳ್ಳಿಯ ತಿಮ್ಮಯ್ಯ, ತನಗೇ ಇಟ್ಟುಕೊಂಡಿದ್ದ. ಅವನ ತೋಟದ ಕಾಯಿ ಅಲ್ಲಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗಬೇಕು.

ಬಂದ ವಾರವೇ ಎದುರುಮನೆಯ ದ್ರಾಕ್ಷಾಯಣಮ್ಮ, ಕೊಬ್ಬರಿ ಮಂಡಿ ಸಾಹುಕಾರರ ಹೆಂಡತಿ, ಒಳಗೆ ಬಂದು ಕತ್ತೆತ್ತಿ ನೋಡಿದರು.

“ಏನ್ ಕಣಮ್ಮ, ಅಟ್ಟ ತುಂಬ್ಕೊಂಡೇ ಬಂದಿದ್ದೀಯ! ಯಾವ ಕಡೆ ತೋಟ?”

“ಇವರದು ಮಾಯಸಂದ್ರ” ಎಂದು ಗಿರಿಜೆ ನಕ್ಕುಬಿಟ್ಟಳು. ಮಾಯಸಂದ್ರದಲ್ಲಿ ಬಸವರಾಜುವಿಗಿದ್ದದ್ದು ಬರೀ ಒಂದು ಹಿತ್ತಿಲು. ಆ ನಗುವೇ ಈಗ ಕುತ್ತಿಗೆಗೆ ಬಂದಿತ್ತು.

ಬೀದಿಯ ಹೆಂಗಸರು ಶುಕ್ರವಾರ ಮ್ಯಾಟಿನಿಗೆ ಹೋಗಿ, ಹೋಟೆಲ್ಲಿನ ಫ್ಯಾಮಿಲಿ ರೂಮಿನಲ್ಲಿ ದೋಸೆ ತಿಂದು, ಬಳೆ ಅಂಗಡಿ ಹೊಕ್ಕು ಬರುವುದು ರೂಢಿ. ಎಲ್ಲರ ಖರ್ಚನ್ನೂ ಒಬ್ಬರೇ ಕೊಡಬೇಕು, ವಾರಕ್ಕೊಬ್ಬರಂತೆ. ಬೇಡವೆಂದರೂ ಬಿಡದೆ ಇವಳನ್ನೂ ಎಳೆದುಕೊಂಡು ಹೋದರು.

“ಬರೋ ವಾರ ಗಿರಿಜಮ್ಮಂದು” ಎಂದಿದ್ದಳು ಹೋದ ಶುಕ್ರವಾರ ಮೂಲೆಮನೆ ಲಕ್ಷ್ಮಕ್ಕ. “ಅಟ್ಟ ತುಂಬಿರೋಳು, ಬರೀ ದೋಸೇಲಿ ಮುಗಿಸ್ಬುಡ್ತಾಳಾ? ಸೀರೆ ಅಂಗ್ಡಿಗೇ ನಡೀರೇ!”

ಅಕ್ಕಿ ಡಬ್ಬದಲ್ಲಿ ದುಡ್ಡಿತ್ತು, ನಿಜ. ಅದು ಕೂಸಿನದು. ಜ್ವರ ಏರಿದರೆ ಕೂಸಿಗೆ ಫಿಟ್ಸ್ ಬರುತ್ತಿತ್ತು. ಬಂದರೆ ಕಾರು ಮಾಡಿಕೊಂಡು ತುಮಕೂರಿಗೆ ಓಡಬೇಕು. ಕಳೆದ ತಿಂಗಳು ಗಂಡ ಕ್ಯಾಂಪಿಗೆ ಹೋಗಿದ್ದಾಗ ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಇವಳ ಕಿರುಚಾಟಕ್ಕೆ ಓಡಿಬಂದು ಕಾರು ಹೊರಡಿಸಿದವರು ಇದೇ ದ್ರಾಕ್ಷಾಯಣಮ್ಮ. ದುಡ್ಡು ಖಾಲಿಯಾದರೆ ಕೂಸಿನ ಗತಿ? ಸುಳ್ಳುಗಾತಿ ಎಂದು ಅವರು ಬಾಗಿಲು ಹಾಕಿಕೊಂಡರೆ ಇನ್ನಾರನ್ನು ಕೂಗುವುದು?

ಗುರುವಾರ ಬೆಳಿಗ್ಗೆ ತಿಮ್ಮಯ್ಯ ಬಂದ.

“ನಾಳೆ ಮಧ್ಯಾಹ್ನ ಗಾಡಿ ತತ್ತೀನಿ ಕಣವ್ವ. ಕಾಯಿ ಇಳಿಸ್ಬೇಕು, ಮನೇಲಿರು.”

ಇನ್ನು ಬೀದಿಗೆಲ್ಲ ಗೊತ್ತಾಗುತ್ತದೆ. ಅವಳು ಕೂಸನ್ನು ಎತ್ತಿಕೊಂಡಳು. ಹಣೆ ಬೆಚ್ಚಗಿತ್ತು.

ಗಂಡ ಮತ್ತೆ ಕ್ಯಾಂಪಿನಲ್ಲಿ. ಎದುರುಮನೆಯ ಮೆಟ್ಟಿಲವರೆಗೆ ಹೋದಳು. ಒಳಗೆ ಲಕ್ಷ್ಮಕ್ಕನ ನಗು ಕೇಳಿಸಿತು. ಹಾಗೇ ತಿರುಗಿ ಬೀದಿ ತುದಿಯ ಔಷಧಿ ಅಂಗಡಿಗೆ ನಡೆದು, ಕೂಸಿನ ಜ್ವರದ ಔಷಧಿ ಕೊಂಡು, ಫೋನು ಕೇಳಿದಳು.

“ಹಲೋ, ಯಾರು?”

“ನಾನು, ಗಿರಿಜಾ. ದ್ರಾಕ್ಷಾಯಣಮ್ನೋರೇ… ಅಟ್ಟದ ಕಾಯಿ ನಮ್ಮದಲ್ಲ. ತಿಮ್ಮಯ್ಯನೋರದು. ನಮಗೆ ತೋಟವೇ ಇಲ್ಲ. ನಾಳೆ ನಾನು ಬರೋದಿಲ್ಲ, ಯಾರಿಗೂ ಏನೂ ಕೊಡಿಸೋಕಾಗಲ್ಲ. ಇರೋದು ಕೂಸಿನ ಔಷಧಿಗೆ.”



“ಎದುರುಮನೇಲಿದ್ಕೊಂಡು ಫೋನ್ ಮಾಡ್ತೀಯೇನೇ? ನಾನೇನು ಹುಲೀನಾ?” ಧ್ವನಿ ಗಡುಸಾಗಿತ್ತು. “ಕೂಸು ಹೆಂಗದೆ?”

“ಮೈ ಬಿಸಿ.”

“ಮೊದ್ಲು ಮನೆಗ್ ನಡಿ. ಒದ್ದೆ ಬಟ್ಟೆ ಹಾಕು. ಬತ್ತೀನಿ.”

ಅದು ಸಿಟ್ಟೋ ಕನಿಕರವೋ ತಿಳಿಯಲಿಲ್ಲ. ಬತ್ತೀನಿ ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತ್ತು. ಫೋನಿಟ್ಟು, ಸೆರಗಿನಿಂದ ಕೂಸಿನ ತಲೆ ಮುಚ್ಚಿಕೊಂಡು ಮನೆ ಕಡೆ ಓಡಿದಳು.