ತಳ್ಳಬೇಕು, ಸ್ಟಾರ್ಟ್ ಮಾಡಬಾರದು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಸೋಪು, ಸೀಗೆಪುಡಿ, ನಿಂಬೆಸಿಪ್ಪೆ ಯಾವುದಕ್ಕೂ ಅದು ಜಗ್ಗಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದ ಮನೆಯ ಹೆಂಗಸರು ಓರೆಗಣ್ಣಿನಿಂದ ನೋಡಿದರೆ, "ಇಂಜಿನ್ ಆಯಿಲ್ ರೀ, ಅಂಟುರೋಗ ಅಲ್ಲ" ಎಂದು ಹೇಳಿ ಅದೇ ಕೈಯನ್ನು ತಾಂಬೂಲಕ್ಕೆ ಚಾಚುತ್ತಿದ್ದರು.

ಅತ್ತೆ ಚಾಣಕ್ಯಪುರಿಯ ಒಂದು ರಾಯಭಾರ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಅಲ್ಲಿನ ಅಧಿಕಾರಿಯೊಬ್ಬ ತನ್ನ ದೇಶಕ್ಕೆ ವಾಪಸ್ ಹೋಗುವಾಗ ಹಳೆಯ ಕಾರನ್ನು ಇವರಿಗೆ ಬಿಟ್ಟು ಹೋದ. ಪುಣ್ಯ ಕಟ್ಟಿಕೊಳ್ಳಲಿಕ್ಕೇನಲ್ಲ, ಅದನ್ನು ಮುಟ್ಟುವ ಮೆಕ್ಯಾನಿಕ್ ದೆಹಲಿಯಲ್ಲಿ ಸಿಗುತ್ತಿರಲಿಲ್ಲ. ಬೇರೆ ಕಾರುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡಿದರೆ, ಇದರಲ್ಲಿ ಮೂರು ಮೂಲೆಯ ಕಬ್ಬಿಣದ ಬಿಲ್ಲೆ ಸುತ್ತು ಹಾಕುತ್ತದೆ. ರೋಟರಿ ಇಂಜಿನ್. ಅದಕ್ಕೊಂದು ಕೆಟ್ಟ ಚಾಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಬಿಸಿಯಾಗುವ ಮೊದಲೇ ಆರಿಸಿದರೆ ಒಳಗೆ ಪೆಟ್ರೋಲ್ ನಿಂತುಬಿಡುತ್ತದೆ. ಆಮೇಲೆ ಕೀ ತಿರುಗಿಸಿದಷ್ಟೂ ಇನ್ನಷ್ಟು ಪೆಟ್ರೋಲ್ ತುಂಬುತ್ತದೆಯೇ ಹೊರತು ಇಂಜಿನ್ ಹತ್ತಿಕೊಳ್ಳುವುದಿಲ್ಲ.

ಈ ಊರಲ್ಲಿ ಕಾರಿನ ಹಿಂದೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗುವುದು ರೂಢಿ. ದಾರಿ ಬೇಕಾದವರು ತಳ್ಳಿಕೊಳ್ಳುತ್ತಾರೆ. ದೆಹಲಿಯವರಿಗಿರುವ ಒಂದೇ ಒಳ್ಳೆಯ ಬುದ್ಧಿ ಇದು ಎಂದು ಅತ್ತೆ ಹೇಳುತ್ತಿದ್ದರು. ಇಂದಿರಾಪುರಂನ ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಗಾರ್ಡುಗಳಿಗೆ ಅವರ ಪಾಠ ಬಾಯಿಪಾಠವಾಗಿತ್ತು: "ಭಯ್ಯಾ, ಧಕ್ಕಾ ದೇನಾ. ಸ್ಟಾರ್ಟ್ ಮತ್ ಕರ್ನಾ." ತಳ್ಳಿ, ಸ್ಟಾರ್ಟ್ ಮಾಡಬೇಡಿ. ಗಾರ್ಡುಗಳು ಪಾಪ, ಹಾಗೇ ಮಾಡುತ್ತಿದ್ದರು.

ನಾನು ಆಗ ಲಕ್ಷ್ಮೀ ನಗರದ ಕಿಟಕಿಯಿಲ್ಲದ ರೂಮಿನಲ್ಲಿದ್ದುಕೊಂಡು ಕೋಚಿಂಗಿಗೆ ಹೋಗುತ್ತಿದ್ದೆ. ಭಾನುವಾರ ಅತ್ತೆಯ ಕೈಯ ಸಾರು ಅನ್ನಕ್ಕೆ ಓಡುತ್ತಿದ್ದೆ. ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಾ ಹೋದ ದಿನ ಅವರು ಒಂದೂ ಸಮಾಧಾನದ ಮಾತಾಡಲಿಲ್ಲ. ಸ್ಪ್ಯಾನರ್ ಕೈಗಿಟ್ಟು ಕೆಳಗೆ ಕರೆದುಕೊಂಡು ಹೋದರು. ಅವತ್ತು ಕಾರು ಮುನಿಸಿಕೊಂಡಿತ್ತು. "ಗಾಬರಿಬಿದ್ದು ಕೀ ತಿರುಗಿಸ್ಬೇಡ ಕಣೇ. ಮೊದ್ಲು ಪೆಟ್ರೋಲ್ ಬರೋದನ್ನ ನಿಲ್ಸು. ಒಳಗೆ ನಿಂತಿರೋದನ್ನ ಆಚೆ ಹಾಕು. ಆಮೇಲೆ ಕಿಡಿ." ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತೆವು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್ ತಿರುಗಿಸಿ ಪೆಟ್ರೋಲ್ ಉಗುಳಿಸಿದೆವು. ಪ್ಲಗ್ ಒರೆಸಿ ಒಣಗಿಸಿ, ತೂತಿಗೆ ಚೂರು ಆಯಿಲ್ ಬಿಟ್ಟು ಮತ್ತೆ ಕೂರಿಸಿ, ಫ್ಯೂಸ್ ಹಾಕಿದೆವು. ಕಾರು ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಎದ್ದಿತು. ಅಳುವುದು ನನಗೆ ಮರೆತೇ ಹೋಗಿತ್ತು.

ಆಮೇಲೆ ಹಳೆಯ ಕಾರುಗಳು ಇಲ್ಲಿ ಓಡಬಾರದು ಎಂಬ ನಿಯಮ ಬಂತು. ಅತ್ತೆ ಮೈಸೂರಿನ ಗೆಳತಿಯ ಶೆಡ್ಡಿನಲ್ಲಿ ಜಾಗ ಕೇಳಿಟ್ಟುಕೊಂಡರು. ಲಾರಿ ಮೇಲೆ ಕಳಿಸಿದರಾಯಿತು. ಆದರೆ ಅಮ್ಮನಿಗೆ ವಯಸ್ಸಾಯಿತೆಂದು ಅತ್ತೆಯ ಮಗ ಕಾರನ್ನು ಎಂದೋ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. "ಮಮ್ಮಿ, ಲಾರಿ ಬರೋ ದಿನ ಸ್ಟಾರ್ಟ್ ಆದ್ರೆ ಮೈಸೂರು. ಆಗ್ಲಿಲ್ಲ ಅಂದ್ರೆ ಸ್ಕ್ರ್ಯಾಪ್. ಠೀಕ್ ಹೈ?" ಎಂದ. ಅತ್ತೆ ನಕ್ಕು ಒಪ್ಪಿದರು. ಅವರಿಗೆ ತಮ್ಮ ಕಾರಿನ ಮೇಲೆ ಅಷ್ಟು ಧೈರ್ಯ.

ಲಾರಿ ಬರುವ ಹಿಂದಿನ ದಿನ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿದ್ದರು. ಸೊಸೈಟಿಯಲ್ಲಿ ಯಾರದೋ ಮನೆಯ ದೇವಿ ಜಾಗರಣೆಗೆ ಶಾಮಿಯಾನ ಹಾಕಬೇಕಿತ್ತು, ಕಾರು ಸ್ವಲ್ಪ ಸರಿಸಿ ಎಂದು ಗಾರ್ಡ್ ಬಂದ. ತಳ್ಳುತ್ತೇನೆ ಎಂದು ಅವನೇ ಹೇಳಿದ. ದೊಡ್ಡ ಕಂಪನಿಯ ಮ್ಯಾನೇಜರ್ ಆಗಿದ್ದ ಮಗ ಮಹಾಶಯನಿಗೆ ನಾಲ್ಕು ಜನರ ಎದುರು ಕಾರು ತಳ್ಳಿಸುವುದು ನಾಚಿಕೆ. ಸ್ಟಾರ್ಟ್ ಮಾಡಿ, ಎರಡು ಮಾರು ಮುಂದೆ ಬಿಟ್ಟು, ಆರಿಸಿದ. ಸಂಜೆ ಮತ್ತೆ ಪ್ರಯತ್ನಿಸಿ ಬ್ಯಾಟರಿಯನ್ನೂ ತಿಂದು ಹಾಕಿದ. ಅಷ್ಟೇ ಆಗಿದ್ದರೆ ದಡ್ಡತನ ಎಂದು ಬಿಡುತ್ತಿದ್ದೆ. ಅವನು ಯಾರನ್ನೂ ಕೇಳದೆ ಲಾರಿಯವನಿಗೆ ಬೇಡ ಎಂದು ಹೇಳಿ, ಸ್ಕ್ರ್ಯಾಪಿನವನನ್ನು ಕರೆದ.

ಮರುದಿನ ಬೆಳಗ್ಗೆ ನಾನೇ ಅತ್ತೆಯನ್ನು ಆಸ್ಪತ್ರೆಯಿಂದ ಕರೆತಂದೆ. ಕಪ್ಪು ಕನ್ನಡಕದಲ್ಲಿದ್ದ ಅವರು ಕಾರಿನ ಹತ್ತಿರ ಬಂದವರೇ ಪೆಟ್ರೋಲ್ ವಾಸನೆಗೆ ಮೂಗು ಅರಳಿಸಿದರು. "ಯಾರೋ ಆರ್ಸಿದಾರೆ," ಎಂದರು. ಕಣ್ಣಿನ ಆಪರೇಷನ್ ಆದವರು ಬಗ್ಗಬಾರದು, ಬಗ್ಗಿದ್ದು ನಾನು. ಅವರು ಸೀಟಿನಲ್ಲಿ ಕೂತು ಹೇಳಿದಂತೆಲ್ಲ ಮಾಡಿದೆ. ಗಾರ್ಡ್ ಯಾರದೋ ಕಾರು ತಂದು ಬ್ಯಾಟರಿಗೆ ವೈರು ಕೊಟ್ಟ. ಅತ್ತೆ ಕೀ ತಿರುಗಿಸಿದರು. ಹೊಗೆ ಶಾಮಿಯಾನದ ತನಕ ಹೋಯಿತು, ಇಂಜಿನ್ ಹತ್ತಿಕೊಂಡಿತು.

ಮಗ ಲಿಫ್ಟಿನಿಂದ ಇಳಿದು ಬಂದ. "ಅಚ್ಛಾ, ಸ್ಟಾರ್ಟ್ ಆಯ್ತಾ? ಬಟ್ ಮಮ್ಮಿ, ಅವ್ರು ಬಂದ್ಬಿಟ್ಟಿದಾರೆ, ಪೇಪರ್ಸ್ ಎಲ್ಲಾ ಕೊಟ್ಟಾಯ್ತು," ಎಂದ. ಗೇಟಿನ ಹತ್ತಿರ ಸ್ಕ್ರ್ಯಾಪಿನವನ ಗಾಡಿ ನಿಂತಿತ್ತು. ಅತ್ತೆ ಮಗನ ಮುಖ ನೋಡಲಿಲ್ಲ. ಸ್ಕ್ರ್ಯಾಪಿನವನು ಕೀಗೆ ಕೈ ಚಾಚಿದಾಗ, "ರುಕೋ ಭಯ್ಯಾ, ಇನ್ನೂ ಬಿಸಿ ಆಗಿಲ್ಲ," ಎಂದರು. ಅವನು ಕಾದ. ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದ ಮೇಲೆ ಆಕ್ಸಿಲರೇಟರ್ ಒಮ್ಮೆ ಒತ್ತಿ, ಆರಿಸಿ, ಕೀ ಕೊಟ್ಟು ಇಳಿದರು. ಕಾರಿನ ಮಾತು ಮತ್ತೆ ಎತ್ತಲಿಲ್ಲ. ಬರಬರುತ್ತ ಬೇರೆ ಮಾತೂ ಕಡಿಮೆಯಾಯಿತು. ಕೊನೆಗೆ ಹೆಬ್ಬೆರಳಿನ ಆ ಗೆರೆಯೂ ಹೋಗಿತ್ತು.

ಆ ಚಳಿಗಾಲದಲ್ಲೇ ಅತ್ತೆ ಹೋದರು. ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಾಗ ಅವರ ಹಳೆಯ ಆಫೀಸಿನವರು ಕಾರಿನ ವಿಷಯ ತೆಗೆದರು. ಮಗ ನಿಟ್ಟುಸಿರು ಬಿಟ್ಟು, "ಮಮ್ಮಿಗೆ ಅದರ ಮೇಲೆ ಪ್ರಾಣ. ಊರಿಗೆ ಕಳಿಸೋಣ ಅಂತಾನೇ ಇದ್ದೆ. ಲಾಸ್ಟಲ್ಲಿ ಸ್ಟಾರ್ಟೇ ಆಗ್ಲಿಲ್ಲ, ಕ್ಯಾ ಕರೇಂ," ಎಂದ.

ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

"ಆಗಿತ್ತು," ಎಂದೆ, ಇಡೀ ಪಂಕ್ತಿಗೆ ಕೇಳುವಂತೆ. "ಪ್ಲಗ್ ಹಾಕಿದ್ದು ನಾನು. ಕೀ ತಿರುಗಿಸಿದ್ದು ನಿಮ್ಮಮ್ಮ. ಕಾರು ಸ್ಟಾರ್ಟ್ ಆಗಿತ್ತು."

ಬಡಿಸುವವರು ಬಂದು ಪಾಯಸ ಹಾಕಲೇ ಎಂದು ಕೇಳಿದರು. ಬೇಡ ಎಂದು ಎದ್ದುಬಿಟ್ಟೆ.