ಗಾರೆ ಹಿಡಿದ ಕಮಾನು

ಮೈಸೂರು ರೈಲು ನಿಲ್ದಾಣಕ್ಕೆ ಬ್ರಾಡ್‌ಗೇಜ್ ಬಂದು ಕೆಲವು ವರ್ಷಗಳಾಗಿದ್ದವು. ಪ್ಲಾಟ್‌ಫಾರಂ ದಾಟಲು ಹೊಸ ಮೇಲ್ಸೇತುವೆ ಕಟ್ಟುತ್ತಿದ್ದ ಗುತ್ತಿಗೆದಾರರ ಬಳಿ, ಡಿಪ್ಲೊಮಾ ಮುಗಿಸಿ ನಾನು ಸೂಪರ್‌ವೈಸರ್ ಆಗಿ ಸೇರಿದೆ. ಕುವೆಂಪುನಗರದಿಂದ ಮೊಪೆಡ್‌ನಲ್ಲಿ ಬರುತ್ತಿದ್ದೆ. ಕೆಲಸದ ಜಾಗದಲ್ಲಿ ಚೂಡಿದಾರ ಹಾಕಿದ್ದವಳು ನಾನೊಬ್ಬಳೇ.

ಮೆಟ್ಟಿಲಿಗೆ ಪಾಯ ತೋಡುವಾಗ ಅರಸರ ಕಾಲದ ನಿಲ್ದಾಣ ಕಟ್ಟಡದ ಮೂರು ಕಮಾನುಗಳ ಗಿಲಾವನ್ನು ನಾವೇ ಉದುರಿಸಿಬಿಟ್ಟೆವು. ಸಿಮೆಂಟಿನಲ್ಲಿ ಮೆತ್ತಿಸಿದೆ. ವಾರದಲ್ಲಿ ಬಿರುಕುಬಿಟ್ಟು ಬಿತ್ತು. ಮತ್ತೆ ಮೆತ್ತಿಸಿದೆ, ಮತ್ತೆ ಬಿತ್ತು. ನಮ್ಮ ಎಂಜಿನಿಯರು ನನ್ನ ಮುಖ ನೋಡುವುದನ್ನೇ ಬಿಟ್ಟರು.

ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಿದ್ದ ಅರವತ್ತರ ಹೆಂಗಸೊಬ್ಬರು ಒಂದು ಬೆಳಿಗ್ಗೆ ಉದುರಿದ ಚೂರೊಂದನ್ನು ಬೆರಳಲ್ಲಿ ಪುಡಿಮಾಡಿ ನೋಡಿ ನನ್ನನ್ನು ಕರೆದರು.

"ಇದು ಗಾರೆ ಗೋಡೆ ಕಣವ್ವ, ಸುಣ್ಣದ್ದು. ಸಿಮೆಂಟು ಎಂಗ್ ಕಚ್ಕತದೆ?"

"ನಿಮಗೆ ಗಾರೆ ಮಾಡೋಕೆ ಬರುತ್ತಾ?"

"ನಮ್ಮಪ್ಪ ಮೇಸ್ತ್ರಿ. ಚಿಕ್ಕೋಳಿದ್ದಾಗಿಂದ ಅರೆದು ಅರೆದು ಕೊಟ್ಟಿವ್ನಿ. ಕರಣೆ ಮಾತ್ರ ಯಾರೂ ಕೈಗೆ ಕೊಡ್ಲಿಲ್ಲ, ಹೆಣ್ಣಾಳು ಅಂತ."

ಎಂಜಿನಿಯರ ಬಳಿ ಹೋಗಿ, ಆಕೆಯ ಕೈಲಿ ಗಾರೆ ಮಾಡಿಸಿ ನೋಡಲು ಒಂದೇ ಒಂದು ಕಮಾನು ಕೇಳಿದೆ.

"ಬಿದ್ರೆ ನಿಮ್ಮ ತಲೆ ಮೇಲೆ ಕಣಮ್ಮ" ಎಂದರು.

ಒಪ್ಪಿಕೊಂಡೆ.

ದೇವರಾಜ ಮಾರುಕಟ್ಟೆಯಿಂದ ಬೆಲ್ಲ, ಅಳಲೆಕಾಯಿ ತಂದೆ. ಆಕೆ ಅವನ್ನು ನೆನೆಸಿ, ಆ ನೀರನ್ನು ಸುಣ್ಣ ಮರಳಿಗೆ ಬೆರೆಸಿ, ಬೆಣ್ಣೆಯಂತಾಗುವವರೆಗೆ ಅರೆದರು. ತೆಳುವಾಗಿ ಪದರದ ಮೇಲೆ ಪದರ ಬಳಿದು, ಒದ್ದೆ ಗೋಣಿ ಹೊದಿಸಿದರು. ಮೊದಲ ದಿನ ಕರಣೆಯಲ್ಲಿ ಬಳಿದದ್ದನ್ನು ಎರಡೆರಡು ಸಲ ಕೆರೆದು ಮತ್ತೆ ಬಳಿದರು. ಮೂರನೆಯ ದಿನಕ್ಕೆ ಕಮಾನಿನ ತಿರುವನ್ನು ಕಣ್ಣಳತೆಯಲ್ಲೇ ತಿದ್ದುತ್ತಿದ್ದರು. ಪಕ್ಕದಲ್ಲಿ ರೈಲು ಬಂದು ನಿಂತರೂ ತಿರುಗಿ ನೋಡಲಿಲ್ಲ.

ತಿಂಗಳಾದ ಮೇಲೆ ಎಂಜಿನಿಯರು ಸುತ್ತಿಗೆಯ ಹಿಡಿಯಿಂದ ಕಮಾನಿನ ಉದ್ದಕ್ಕೂ ತಟ್ಟುತ್ತ ಬಂದರು. ನಾನು ಪಕ್ಕದಲ್ಲೇ ಕಿವಿಗೊಟ್ಟು ನಡೆದೆ. ಎಲ್ಲೂ ಟೊಳ್ಳು ಸದ್ದಿಲ್ಲ. ಬಿರುಕು ಹುಡುಕಿದರು, ಸಿಗಲಿಲ್ಲ. ಆಕೆಯ ಕಡೆ ತಿರುಗಿ, "ಉಳಿದ ಎರಡೂ ನೀವೇ ಮಾಡ್ಬಿಡಿ, ಮೇಸ್ತ್ರಿ. ಎಷ್ಟು ಆಳು ಬೇಕು?" ಎಂದು ಕೇಳಿದರು.

"ನಾಕು ಜನ. ನಾನ್ ಏಳ್ದಂಗೆ ಕೇಳೋರು."

ಕೊಟ್ಟರು. ನಾಲ್ವರೂ ಗಂಡಸರು.

ಸೇತುವೆ ಜನರಿಗೆ ತೆರೆದ ದಿನ ನಾನೂ ಆಕೆಯೂ ಗುಂಪಿನೊಂದಿಗೆ ಮೆಟ್ಟಿಲು ಹತ್ತಿದೆವು. ಅರ್ಧಕ್ಕೆ ಬಂದಾಗ ಕಮಾನುಗಳ ಸಾಲು ಪೂರ್ತಿ ಕಾಣಿಸಿತು. ಅದರಲ್ಲಿ ನಮ್ಮ ಮೂರು ಯಾವುವೆಂದು ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಹಿಂದಿನವರು ದಾರಿ ಬಿಡಿ ಎಂದು ಅವಸರ ಮಾಡಿದರು. ಮೇಸ್ತ್ರಿ ಕಂಬಿ ಹಿಡಿದು ನಿಂತೇ ಇದ್ದರು.

"ಒಸಿ ತಡೀರಪ್ಪ" ಎಂದರು. "ನನ್ ಕೆಲ್ಸ ನಾನ್ ನೋಡ್ಬೇಕು."