ಹೆಬ್ಬೆರಳು ಮತ್ತು ಪಾಯಸದ ಬಕೆಟ್ಟು

ನನ್ನ ಬಲಗೈಯ ಹೆಬ್ಬೆರಳು ಈ ಕಾಲಕ್ಕೆ ಕೊಂಚ ದಪ್ಪವಾಯಿತೆಂಬ ಸತ್ಯ ನನಗೆ ಗೋಚರಿಸಿದ್ದು ನಿವೃತ್ತಿಯ ನಂತರ. ಚಾಮರಾಜನಗರದ ಕಾಲೇಜಿನಲ್ಲಿ ಸೀಮೆಸುಣ್ಣ ಹಿಡಿದು ಸಂಧಿ ಸಮಾಸಗಳನ್ನು ಬಿಡಿಸುತ್ತಿದ್ದಷ್ಟು ಕಾಲ ಈ ಬೆರಳಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ಈಗ ಮೊಬೈಲಿಗೆ ವಿಡಿಯೋ ಕತ್ತರಿಸಿ ಜೋಡಿಸುವ ಆ್ಯಪ್ ಒಂದನ್ನು ಇಳಿಸಿಕೊಂಡಿದ್ದೇನೆ ನೋಡಿ. ದೃಶ್ಯಗಳೆಲ್ಲ ರೈಲಿನ ಡಬ್ಬಿಗಳಂತೆ ಸಾಲಾಗಿ ನಿಂತಿರುವ ಅದರ ಪಟ್ಟಿಯ ಮೇಲೆ ಬೆರಳಿಟ್ಟರೆ, ಒಂದು ಡಬ್ಬಿ ಮುಟ್ಟಹೋಗಿ ನಾಲ್ಕು ಡಬ್ಬಿ ಹಳಿ ತಪ್ಪುತ್ತವೆ.

ಕಲಿಸುವ ಗುರುಗಳಿಗೇನೂ ಇಂಟರ್ನೆಟ್ಟಿನಲ್ಲಿ ಬರವಿಲ್ಲ. ಎಲ್ಲರೂ 'ಇದು ತುಂಬಾ ಸಿಂಪಲ್' ಎಂದೇ ಶುರುಮಾಡುತ್ತಾರೆ. ಛಂದಸ್ಸಿನ ಪಾಠವನ್ನು ನಾನೂ ಹಾಗೆಯೇ ಶುರುಮಾಡುತ್ತಿದ್ದೆನೆಂಬುದು ನೆನಪಾಗಿ, ನನ್ನ ವಿದ್ಯಾರ್ಥಿಗಳ ಮೇಲೆ ಬಹಳ ತಡವಾಗಿ ಕನಿಕರ ಹುಟ್ಟಿತು. ಆ್ಯಪಿನ ಕೆಲವು ಗುಂಡಿಗಳ ತಲೆಯ ಮೇಲೆ ಪುಟ್ಟ ಕಿರೀಟವಿರುತ್ತದೆ. ಅವು ಕಾಸು ಕೊಟ್ಟವರಿಗೆ. ಕಿರೀಟವಿಲ್ಲದ ಬಡ ಗುಂಡಿಗಳ ಜೊತೆಗೇ ನನ್ನ ಒಡನಾಟ. ಅವುಗಳ ಬಲದಿಂದಲೇ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜನ್ನು ಕುರಿತು ಒಂದು ಪ್ರಥಮ ಕೃತಿ ರಚಿಸಿ, ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಚಿತ್ರ ಗಿರ್ರನೆ ತಿರುಗುವ ಅಲಂಕಾರವನ್ನು ಧಾರಾಳವಾಗಿ ಬಳಸಿದೆ. ನೋಡಿದ ನನ್ನ ಹೆಂಡತಿ, ದೇವಸ್ಥಾನಕ್ಕೆ ಭಕ್ತರು ಪ್ರದಕ್ಷಿಣೆ ಹಾಕುವುದನ್ನು ಕಂಡಿದ್ದೇನೆ, ದೇವಸ್ಥಾನವೇ ಭಕ್ತರಿಗೆ ಪ್ರದಕ್ಷಿಣೆ ಹಾಕುವುದನ್ನು ಇವತ್ತೇ ಕಂಡೆ ಎಂದು ಹೇಳಿ ತಲೆಸುತ್ತಿಗೆ ನಿಂಬೆಹಣ್ಣು ಹುಡುಕಲು ಒಳಗೆ ಹೋದಳು.

ಆದರೆ ವಿದ್ಯೆಯ ಕೀರ್ತಿ ವಿದ್ಯೆಗಿಂತ ಮೊದಲೇ ಊರೂರು ತಿರುಗುತ್ತದೆ. ಹಂಗಳದಲ್ಲಿರುವ ನನ್ನ ಅಕ್ಕನಿಗೂ ಅದು ಮುಟ್ಟಿತು. ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ವರ್ಷದ ಪೂಜೆ ಹತ್ತಿರವಿತ್ತು. ಗೋಡೆಯ ಮೇಲಿನ ಫೋಟೊದಲ್ಲಿ ಭಾವ ಠಾಣೆಗೆ ಕರೆಸಿಕೊಂಡವರ ಹಾಗೆ ಬಿಗಿದು ನಿಂತಿದ್ದಾರೆ. ಅಕ್ಕ ಫೋನಿನಲ್ಲಿ ಹೇಳಿದಳು: "ಫೋಟೊದಲ್ಲಿ ಅವ್ರು ಅವ್ರಂಗೇ ಇಲ್ಲ ಕಣಪ್ಪ. ಓಡಾಡದು ಎಲ್ಲಾರ ಇದ್ರೆ ಒಂದ್ ಸಲ ನೋಡ್ಬೇಕು."

ಎಲ್ಲಿಂದ ತರಲಿ? ಭಾವ ಕ್ಯಾಮೆರಾ ಕಂಡರೆ ಕಾಲು ಕೀಳುವ ಜನ. ಮದುವೆಮನೆಗಳಲ್ಲಿ ಅವರ ಠಿಕಾಣಿ ಊಟದ ಮನೆ. ಬಡಿಸುವುದೆಂದರೆ ಅವರಿಗೆ ವ್ರತ. ಪಂಕ್ತಿಯಲ್ಲಿ ಬಡಿಸುವವನು ಹಿಂದಕ್ಕೆ ಹೆಜ್ಜೆಯಿಡಬಾರದೆಂಬುದು ಅವರೇ ಹಾಕಿಕೊಂಡ ಕಟ್ಟಳೆ. ದಾಟಿಬಂದ ಎಲೆಯವರು ಇನ್ನಷ್ಟು ಬೇಕೆಂದರೆ ತಿರುಗಿ ಹೋಗದೆ, ಇಡೀ ಊಟದ ಮನೆಯನ್ನು ಒಂದು ಸುತ್ತು ಹಾಕಿ ಮತ್ತೆ ಮುಂದಿನಿಂದಲೇ ಬರುತ್ತಿದ್ದರು. ಅನ್ನ ಕೊಟ್ಟ ಕೈ ಹಿಂದೆ ಸರಿಯಬಾರದು ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಗುಂಡ್ಲುಪೇಟೆಯ ಛತ್ರದಲ್ಲಿ ನಡೆದ ನನ್ನ ಮಗಳ ಮದುವೆಯ ವಿಡಿಯೋವನ್ನು ಜಾಲಾಡಿದಾಗ ಊಟದ ಭಾಗದಲ್ಲಿ ಭಾವ ಸಿಕ್ಕರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಪಾಯಸದ ಬಕೆಟ್ಟು, ಎಲೆಯಿಂದ ಎಲೆಗೆ ಸರಸರನೆ ಸಾಗುವ ಆ ನಡಿಗೆ. ಸಂದೇಹವೇ ಇಲ್ಲ, ಭಾವನೇ. ಆದರೆ ವಿಡಿಯೋದವನು ಹಿಂದಿನಿಂದ ಹಿಡಿದಿದ್ದ. ಮೊದಲಿನಿಂದ ಕೊನೆಯವರೆಗೆ ಬರೀ ಬೆನ್ನು.

ಅಷ್ಟನ್ನೇ ಕತ್ತರಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು.

"ಒಂದ್ ಸಲ ಈ ಕಡಿಕ್ ತಿರುಗ್ಸಕ್ಕಾಗಲ್ವೇನ್ಲಾ?"

ಆಗುವುದಿಲ್ಲ ಅನ್ನಬೇಕಿತ್ತು, ನೋಡ್ತೀನಿ ಎಂದೆ. ವೇಗ ತಗ್ಗಿಸಿದೆ, ಬೆಳಕು ಏರಿಸಿದೆ, ಚಿತ್ರವನ್ನು ಹಿಗ್ಗಿಸಿದೆ. ಭಾವನ ಬೆನ್ನು ದೊಡ್ಡದಾಯಿತೇ ಹೊರತು ತಿರುಗಲಿಲ್ಲ. ಕ್ಯಾಮೆರಾ ಕಾಣದಿದ್ದ ಮುಖವನ್ನು ಆ್ಯಪು ಎಲ್ಲಿಂದ ತಂದೀತು? ಅಷ್ಟರಲ್ಲಿ ದೃಶ್ಯವನ್ನು ಹಿಂದುಮುಂದಾಗಿ ಓಡಿಸುವ ಗುಂಡಿಯೊಂದು, ಅದೂ ಕಿರೀಟವಿಲ್ಲದ್ದು, ಕಣ್ಣಿಗೆ ಬಿತ್ತು. ಒತ್ತಿದೆ. ದೂರ ಹೋಗುತ್ತಿದ್ದ ಭಾವ ಹತ್ತಿರ ಬರತೊಡಗಿದರು! ಮುಖ ಕಾಣದಿದ್ದರೇನು, ಬರುತ್ತಿದ್ದಾರಲ್ಲ! ಆ ಹಿಗ್ಗಿನಲ್ಲಿ ಬೇರೇನನ್ನೂ ಗಮನಿಸದೆ ಹಂಗಳದ ಬಸ್ಸು ಹತ್ತಿಬಿಟ್ಟೆ.

ಅಕ್ಕ ಜಗುಲಿಯ ಮೇಲೆ ಚೆಂಡುಹೂವಿನ ರಾಶಿಯ ಮುಂದೆ ಕೂತಿದ್ದಳು. ಮೊಬೈಲನ್ನು ಅವಳ ಮುಂದೆ ಹಿಡಿದೆ. ಭಾವ ಹಿಮ್ಮುಖವಾಗಿ ನಡೆಯುತ್ತ ಬಂದರು. ಅಕ್ಕನ ಮುಖ ಅರಳಿತು. ಆಮೇಲೆ ಅವಳ ಹುಬ್ಬು ಮೇಲೇರಿತು. ಎಲೆಯ ಮೇಲಿದ್ದ ಪಾಯಸ ಎದ್ದು ಸೌಟಿಗೆ ಹಾರಿತು, ಸೌಟಿನಿಂದ ಬಕೆಟ್ಟಿಗೆ ಇಳಿಯಿತು. ಭಾವ ಒಂದೊಂದೇ ಎಲೆಯನ್ನು ಬರಿದು ಮಾಡುತ್ತ, ಉಂಡವರ ಪಾಲನ್ನು ಕಿತ್ತುಕೊಳ್ಳುತ್ತ, ಹಿಂದೆ ಹಿಂದೆ ಬಂದರು. ಜೀವಮಾನವಿಡೀ ಪಂಕ್ತಿಯಲ್ಲಿ ಒಂದು ಹೆಜ್ಜೆ ಹಿಂದಿಡದ ಮನುಷ್ಯನಿಗೆ ನಾನು ಮಾಡಿದ ಮರ್ಯಾದೆ ಅದು.

ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು, ಅಲ್ಲೇ ಬಹಳ ಹೊತ್ತು ಉಳಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಲೆಗ್ ಬಡ್ಸಿದ್ದ ವಾಪಸ್ ತಕ್ಕಳಂಗೆ ಮಾಡ್ಬುಟ್ಟಲ್ಲೊ," ಎಂದಳು ಕೊನೆಗೆ. "ಬ್ಯಾಡ ಬುಡು. ಅವ್ರು ಮುಂದುಕ್ಕೇ ಓಗ್ಲಿ."

ಮೊದಲಿದ್ದ ಹಾಗೆ ಮಾಡಿ ಮೊಬೈಲನ್ನು ಅವಳ ಕೈಗೇ ಕೊಟ್ಟೆ. ಹೂ ಬಿಡಿಸಿ ಬಿಡಿಸಿ ಒರಟಾದ ಅವಳ ಬೆರಳನ್ನು ಮೊಬೈಲು ಮೊದಲು ಗುರುತಿಸಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಭಾವ ಹೊರಟರು. ಯಾರ ಎಲೆಯನ್ನೂ ಬಿಡದೆ, ಯಾರ ಕಡೆಗೂ ತಿರುಗದೆ, ಬಡಿಸುತ್ತ ಬಡಿಸುತ್ತ ಪಂಕ್ತಿಯ ಕೊನೆ ಮುಟ್ಟಿ ಮರೆಯಾದರು. ಅಕ್ಕ ಇನ್ನೊಂದು ಸಲ ಒತ್ತಿದಳು. ಅವಳ ಹೆಬ್ಬೆರಳು ನನ್ನದಕ್ಕಿಂತ ದಪ್ಪ. ಒಂದು ಡಬ್ಬಿಯೂ ಹಳಿ ತಪ್ಪಲಿಲ್ಲ.